ಹುಲ್ಲುಗಾವಲು ಪಾಳುಭೂಮಿಯಲ್ಲ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ,

ನಮಸ್ಕಾರಗಳು. ಕುದುರೆಮುಖ, ಬಾಬಾಬುಡನ್‌ಗಿರಿ, ಪುಷ್ಪಗಿರಿಗಳ ನೆತ್ತಿಯಲ್ಲಿ ನಿಂತವರ ಕಣ್ಣಿಗೆ ಮೊದಲು ಬೀಳುವುದು ಇಳಿಜಾರಿನ ಹುಲ್ಲು. ಕಣಿವೆಯ ಮಡಿಕೆಗಳಲ್ಲಿ ಅಡಗಿರುವ ಗಿಡ್ಡ ಮರಗಳ ಶೋಲಾ ಕಾಡು ಆಮೇಲೆ ಕಾಣುತ್ತದೆ. ಇವೆರಡೂ ಬೇರೆಬೇರೆಯಲ್ಲ, ಒಂದೇ ಜೀವಜಾಲ ಎಂಬ ತಿಳಿವಳಿಕೆ ನಮ್ಮ ಆಡಳಿತದಲ್ಲಿ ಇನ್ನೂ ಬೇರೂರಿಲ್ಲವೆಂಬ ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮರವಿಲ್ಲದ ಗುಡ್ಡವನ್ನು ಬ್ರಿಟಿಷರ ಕಾಲದಲ್ಲಿ ಪಾಳೆಂದು ಎಣಿಸಲಾಯಿತು. ಆ ಪಾಳನ್ನು ‘ಹಸಿರಾಗಿಸಲು’ ಪಶ್ಚಿಮಘಟ್ಟದ ಎತ್ತರದ ಹುಲ್ಲುಗಾವಲುಗಳಲ್ಲಿ ಅಕೇಶಿಯಾ, ನೀಲಗಿರಿ, ಪೈನ್‌ಗಳನ್ನು ನೆಡುವ ರೂಢಿ ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯವರೆಗೆ ತೊಟ್ಟಿಕ್ಕಿಸುವುದು ಈ ಹುಲ್ಲು ಮತ್ತು ಶೋಲಾದ ಜಂಟಿ ಕೆಲಸ. ವಿದೇಶಿ ನೆಡುತೋಪು ದಟ್ಟವಾದಲ್ಲಿ ತೊರೆಗಳು ಸೊರಗುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇಂಥ ಬೆಟ್ಟಸಾಲಿನಲ್ಲೇ ಇದೆ.

ಇಲ್ಲಿಯ ಜೀವಿಗಳ ಪಾಲಿಗೆ ಒಂದೊಂದು ಶಿಖರವೂ ಒಂದೊಂದು ದ್ವೀಪ. ಪೊದೆಗಪ್ಪೆಗಳನ್ನೇ ನೋಡಿ: ಅವುಗಳ ಮೊಟ್ಟೆಯಿಂದ ಗೊದಮೊಟ್ಟೆಯ ಬದಲು ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಆದ್ದರಿಂದ ಅವಕ್ಕೆ ಕೆರೆ ಬೇಕಿಲ್ಲ, ಸದಾ ತೇವವಿರುವ ಎಲೆ ಮತ್ತು ತರಗು ಸಾಕು. ಆದರೆ ಆ ತೇವ ಆರಿದರೆ ಬಿಸಿಲ ಬಯಲನ್ನು ದಾಟಿ ಪಕ್ಕದ ಬೆಟ್ಟ ಸೇರುವುದು ಅವುಗಳಿಂದಾಗದು. ಶೋಲಾಕಿಳಿಯೆಂಬ ನೀಲಿ ಹಕ್ಕಿ ಪಶ್ಚಿಮಘಟ್ಟದ ಎತ್ತರದ ಕಾಡನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಸೆಕೆ ಹೆಚ್ಚಿದಂತೆ ಬುಡದ ಜೀವಿಗಳು ಮೇಲಕ್ಕೆ ಸರಿಯಬಹುದು. ತುದಿಯಲ್ಲಿರುವವು ಎಲ್ಲಿಗೆ ಸರಿಯಬೇಕು?

ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟ್‌ನ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು; ಅದರ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ಇಂದಿಗೂ ಕುಳಿತಿದೆ. ಕೆದಕಿದ ಬೆಟ್ಟ ತಾನಾಗಿ ಮೊದಲಿನಂತಾಗುವುದಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ನಮ್ಮ ರಾಜ್ಯದವು 10 ಇದ್ದವು.

ಎತ್ತರದ ಹುಲ್ಲುಗಾವಲನ್ನು ಪಾಳುಭೂಮಿಯ ಲೆಕ್ಕದಿಂದ ತೆಗೆದು, ಸಂರಕ್ಷಿಸಬೇಕಾದ ಜೀವನೆಲೆಯೆಂದು ದಾಖಲಿಸಬೇಕು. ಅಲ್ಲಿ ಹೊಸ ರಸ್ತೆ, ರೆಸಾರ್ಟ್‌ಗಳಿಗೆ ಅನುಮತಿ ಕೊಡಬಾರದು. ಈಗಿರುವ ವಿದೇಶಿ ಮರಗಳನ್ನು ಒಮ್ಮೆಲೇ ಕಡಿಸುವ ಉತ್ಸಾಹವೂ ಬೇಡ, ಏಕೆಂದರೆ ಹಳೆಯ ನೆಡುತೋಪಿನ ನೆರಳಲ್ಲಿ ಕೆಲವೆಡೆ ಶೋಲಾ ಸಸಿಗಳೇ ಚಿಗುರಿರುತ್ತವೆ. ಜಾಗ ನೋಡಿ, ಬಲ್ಲವರನ್ನು ಕೇಳಿ ಹಂತಹಂತವಾಗಿ ತೆಗೆಸಬೇಕು. ಅದಕ್ಕೂ ಮೊದಲು, ಬರುವ ಮುಂಗಾರಿನ ಸಸಿ ನೆಡುವ ಯೋಜನೆಯನ್ನು ತರಿಸಿಕೊಂಡು, ಅದರಲ್ಲಿ ಬೆಟ್ಟದ ಹುಲ್ಲುಗಾವಲಿನ ಜಾಗಗಳಿದ್ದರೆ ಗುಂಡಿ ತೋಡುವ ಮೊದಲೇ ಕೈಬಿಡಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಮಲೆನಾಡಿನ ಒಬ್ಬ ನಾಗರಿಕ