ಪುಟ್ಟಿಗೆ, ಸ್ಟೋರೇಜ್ ಕೆಲ್ಸದ ಬಗ್ಗೆ

ಪುಟ್ಟಿ, ದೊಡ್ಡಪ್ಪನ ಆಶೀರ್ವಾದ. ದಾವಣಗೆರೆಯಲ್ಲಿ ನಾವೆಲ್ಲ ಅರಾಮಿದೀವಿ. ನಿನ್ನೆ ನಿಮ್ಮಪ್ಪ ಬಂದಿದ್ದ, ಮಂಡಕ್ಕಿ ಮಿರ್ಚಿ ತಿಂತಾ ಹೇಳ್ದ, ಆಫೀಸಲ್ಲಿ ಸರ್ವರಿಗೂ ಸ್ಟೋರೇಜಿಗೂ ಮಧ್ಯೆ ಇರೋ ಹಳೇ ಫೈಬರ್ ಚಾನೆಲ್ ನೆಟ್‌ವರ್ಕ್ ತೆಗೆದು ಸ್ಟೋರೇಜ್ ಎಲ್ಲಾ ಮಾಮೂಲಿ ಈಥರ್ನೆಟ್ ನೆಟ್‌ವರ್ಕ್ ಮೇಲೆ ತರೋ ಕೆಲ್ಸ ನಿಂಗೇ ಕೊಟ್ಟಿದಾರೆ ಅಂತ. ಖುಷಿ ಆಯ್ತು, ಒಂಚೂರು ಕಳವಳಾನೂ ಆಯ್ತು, ಅದಕ್ಕೇ ಬರೀತಿದೀನಿ.

ನೋಡವ್ವ, ಎಲ್ರೂ ಸ್ಪೀಡ್ ಎಷ್ಟು ಅಂತಾನೇ ಕೇಳ್ತಾರೆ, ನೀನು ಮೊದ್ಲು ಕೇಳ್ಬೇಕಾದ್ದು ದಾರೀಲಿ ಪ್ಯಾಕೆಟ್, ಅಂದ್ರೆ ಡೇಟಾದ ಒಂದು ತುಂಡು, ಬಿದ್ದೋದ್ರೆ ಏನಾಗ್ತೈತೆ ಅಂತ. ಅಶೋಕ ಟಾಕೀಸ್ ಹತ್ರ ರೈಲ್ವೆ ಗೇಟ್ ಹಾಕಿದಾಗ ಸ್ಕೂಟರ್ ಮೇಲೆ ಕೂತು ಕಾಯ್ತಿದ್ವಲ್ಲ, ಆಗ ಹೇಳಿದ್ದೆ, ಮುಂದಿನ ಸ್ಟೇಷನ್ನೋರು ಲೈನ್ ಕ್ಲಿಯರ್ ಕೊಡೋವರೆಗೂ ಇಲ್ಲಿಂದ ಗಾಡಿ ಬಿಡಲ್ಲ ಅಂತ. ಫೈಬರ್ ಚಾನೆಲ್ ಅದೇ ಥರ, ಆ ಕಡೆ ಬಫರಲ್ಲಿ, ಅಂದ್ರೆ ಬಂದಿದ್ದನ್ನ ಸ್ವಲ್ಪ ಹೊತ್ತು ಇಟ್ಕೊಳೋ ಮೆಮೊರೀಲಿ, ಜಾಗ ಐತೆ ಅಂತ ಕ್ರೆಡಿಟ್ ಬಂದ್ರೇನೇ ಫ್ರೇಮ್, ಅಂದ್ರೆ ಡೇಟಾ ತುಂಡು, ಹೊರಡೋದು. ಈಥರ್ನೆಟ್ ಸ್ವಿಚ್ ಹಂಗಲ್ಲ, ಜಾಗ ಇಲ್ಲಾಂದ್ರೆ ಬಿಸಾಕ್ತೈತೆ, ಆಮೇಲೆ ಡೇಟಾ ಪೂರ್ತಿ ತಲುಪ್ತಾ ಅಂತ ನೋಡ್ಕೊಳೋ ಟಿಸಿಪಿ ಪ್ರೋಟೋಕಾಲು ಮತ್ತೆ ಕಳಿಸ್ಬೇಕು, ಕೆಲವು ಸಲ ಅದು ಟೈಮರ್ ಮುಗಿಯೋವರೆಗೂ ಕಾಯ್ತೈತೆ, ಲಿನಕ್ಸಲ್ಲಿ ಆ ಟೈಮರ್ ಸಾಮಾನ್ಯವಾಗಿ ಕಮ್ಮಿ ಅಂದ್ರೂ 200 ಮಿಲಿಸೆಕೆಂಡು. ಎಸ್‌ಎಸ್‌ಡಿ ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಉತ್ರ ಕೊಡೋ ವಸ್ತು, ಡೇಟಾಬೇಸಿಗೆ ಡಿಸ್ಕು ಪಕ್ಕದಲ್ಲೇ ಐತೆ ಅನ್ನೋ ನಂಬಿಕೆ, ಒಂದು ರೈಟ್ ನಿಂತ್ರೆ ಅದರ ಹಿಂದೆ ಎಲ್ಲಾ ಸಾಲಾಗಿ ನಿಲ್ತವೆ.

ನೆಟ್‌ವರ್ಕ್ ಮೇಲೆ ಡಿಸ್ಕ್ ಕೊಡೋ ಐಸ್ಕಸಿ ಪ್ರೋಟೋಕಾಲು ಹಳೇದು ಅಂತ ತಳ್ಳಿಹಾಕ್ಬೇಡ. 2004ರಲ್ಲಿ ಸ್ಟ್ಯಾಂಡರ್ಡ್ ಆಯ್ತು, ಡಿಸ್ಕಿಗೆ ಓದು, ಬರಿ ಅನ್ನೋ ಸ್ಕಸಿ ಕಮಾಂಡನ್ನ ಟಿಸಿಪಿ ಒಳಗೆ ಇಟ್ಟು 3260 ಪೋರ್ಟಿಗೆ ಕಳಿಸ್ತೈತೆ, ಅಷ್ಟೇ. ಹೊಸ ಫ್ಲಾಶ್ ಸ್ಟೋರೇಜ್ ಇದ್ರೆ 2018ರ ಎನ್‌ವಿಎಂಇ ಓವರ್ ಟಿಸಿಪಿ ನೋಡು, ಅಂದ್ರೆ ಎಸ್‌ಎಸ್‌ಡಿಗಳ ಎನ್‌ವಿಎಂಇ ಕಮಾಂಡನ್ನ ಟಿಸಿಪಿ ಮೇಲೆ ಕಳಿಸೋದು, ಅದ್ರಲ್ಲಿ ಒಂದೊಂದು ಸಿಪಿಯು ಕೋರಿಗೂ ಬೇರೆ ಕ್ಯೂ, ಬೇರೆ ಕನೆಕ್ಷನ್ ಕೊಡಬೋದು. ಯಾರಾದ್ರೂ ಆರ್‌ಡಿಎಂಎ (ಸಿಪಿಯುನ ಬಿಟ್ಟು ನೇರ ಮೆಮೊರಿಯಿಂದ ಮೆಮೊರಿಗೆ ಡೇಟಾ ಕಳಿಸೋದು) ಹಾಕೋಣ, ಅದನ್ನೇ ಈಥರ್ನೆಟ್ ಮೇಲೆ ಮಾಡೋ ರಾಕಿ ಹಾಕೋಣ ಅಂದ್ರೆ, ಪ್ಯಾಕೆಟ್ ಬೀಳದ ಹಾಗೆ ‘ಸ್ವಲ್ಪ ತಡಿ’ ಅನ್ನೋ ಪಾಝ್ ಫ್ರೇಮ್ ಸೆಟ್ಟಿಂಗ್ ಸ್ವಿಚ್ಚಲ್ಲಿ ಪ್ರತಿ ಪೋರ್ಟಿಗೂ ನೋಡ್ಕೊಳೋರು ಯಾರು ಅಂತ ಕೇಳು. ಉತ್ರ ಬರ್ಲಿಲ್ಲಾಂದ್ರೆ ಟಿಸಿಪೀನೇ ಸಾಕು.

ಇನ್ನೊಂದು, ನಾನು ಅನುಭವಿಸಿದ್ದು. ಜಂಬೋ ಫ್ರೇಮ್ ಅಂತ ಸರ್ವರಿಗೂ ಸ್ಟೋರೇಜಿಗೂ ಎಂಟಿಯು, ಅಂದ್ರೆ ಒಂದು ಪ್ಯಾಕೆಟ್ಟಿನ ಅತಿ ದೊಡ್ಡ ಸೈಜು, 9000 ಬೈಟ್ ಹಾಕಿದ್ವಿ. ಲಾಗಿನ್ ಆಯ್ತು, ಲನ್ (ಸ್ಟೋರೇಜ್ ಬಾಕ್ಸ್ ಕೊಡೋ ಡಿಸ್ಕು) ಕಾಣಿಸ್ತು, ಆ ಕಡೆ ತಲುಪ್ತಾ ಅಂತ ನೋಡೋ ಪಿಂಗೂ ಚೆನ್ನಾಗಿ ಬಂತು. ಬ್ಯಾಕಪ್ ಕಾಪಿ ಶುರು ಮಾಡಿದ್ರೆ ಹ್ಯಾಂಗು. ರಾತ್ರಿ ಎರಡು ಗಂಟೆವರೆಗೂ ಸ್ಟೋರೇಜ್ ಬಾಕ್ಸನ್ನೇ ಬೈದ್ವಿ, ಡ್ರೈವರ್ ಬದಲಾಯಿಸಿದ್ವಿ, ಕೊನೆಗೆ ನೋಡಿದ್ರೆ ಮಧ್ಯದ ಸ್ವಿಚ್ಚಲ್ಲಿ ಒಂದೇ ಒಂದು ಪೋರ್ಟು 1500ರಲ್ಲೇ ಉಳ್ಕೊಂಡಿತ್ತು. ಸಣ್ಣ ಪ್ಯಾಕೆಟ್ಟು ದಾಟ್ತಿದ್ವು, ದೊಡ್ಡವು ಸದ್ದಿಲ್ದೆ ಸಾಯ್ತಿದ್ವು. ಹಂಗಾಗಿ ಬರೀ ಪಿಂಗ್ ಸಾಲಲ್ಲ ಕಣವ್ವ, ಒಡೀಬಾರ್ದು ಅನ್ನೋ ಡೋಂಟ್ ಫ್ರಾಗ್ಮೆಂಟ್ ಹಾಕಿ 8972 ಬೈಟಿಂದು ಪಿಂಗ್ ಮಾಡು, ಐಪಿ ಮತ್ತೆ ಐಸಿಎಂಪಿ (ಪಿಂಗಿನ ಪ್ರೋಟೋಕಾಲು) ಹೆಡರಿನ 28 ಬೈಟ್ ಸೇರಿದ್ರೆ ಸರಿಯಾಗಿ 9000. ಎರಡು ದಾರಿ ಇದ್ರೆ ಎರಡರಲ್ಲೂ ಮಾಡು. ಆ ಎರಡು ದಾರೀನೂ ಬೇರೆಬೇರೆ ಸ್ವಿಚ್ಚಿಗೇ ಹೋಗ್ತವಾ ಅಂತ ಕೇಬಲ್ ಕೈಯಲ್ಲಿ ಹಿಡ್ದು ನೋಡು, ಡ್ರಾಯಿಂಗ್ ನಂಬ್ಬೇಡ.

ಹೊಸ ಸ್ವಿಚ್ ಆರ್ಡರ್ ಹಾಕೋ ಮುಂಚೆ ಮಾಡೆಲ್ ಹೆಸ್ರು ನಂಗೆ ವಾಟ್ಸಾಪ್ ಮಾಡು, ಒಂದೊಂದು ಪೋರ್ಟಿಗೆ ಬಫರ್ ಎಷ್ಟೈತೆ ಅಂತ ಇಬ್ರೂ ಕೂತು ನೋಡೋಣ. ಭಾನುವಾರ ಆದ್ರೆ ಬೆಳಿಗ್ಗೆನೇ ಫೋನ್ ಮಾಡು, ಎದ್ದಿರ್ತೀನಿ.

ನಿನ್ನ ದೊಡ್ಡಪ್ಪ