ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಫಾರ್ಗೋದಲ್ಲಿರುವ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಎಲ್ಲಿ ನೋಡಿದರೂ ಬರೀ ಬಯಲು, ಕಣ್ಣಿಗೆ ಒಂದು ಗುಡ್ಡ ಸಿಗುವುದಿಲ್ಲ, ಆಫೀಸಿನಲ್ಲಿ ಅರ್ಧ ಜನರ ಹೆಸರು ‘ಸನ್’ ಅಂತಲೇ ಮುಗಿಯುತ್ತದೆ ಅಂದಿದ್ದೆಯಲ್ಲ. ಅವರ ಹಿರಿಯರು ನಾರ್ವೆಯವರಂತೆ, ಆ ನಾರ್ವೆಯವರೆಲ್ಲ ಅಷ್ಟು ದೂರ ಯಾಕೆ ಬಂದರು ಅಂತ ನೀನು ಕೇಳಿದ ಮೇಲೆ ನಾನು ಓದಲು ಕೂತೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಪತ್ರ.

ಮೊದಲು ಒಬ್ಬಳ ವಿಷಯ ಹೇಳುತ್ತೇನೆ. ಗ್ರೋ ಸ್ವೆಂಡ್‌ಸೆನ್ ಅಂತ, ನಾರ್ವೆಯ ಹಾಲಿಂಗ್‌ಡಾಲ್ ಕಣಿವೆಯವಳು. 1862ರಲ್ಲಿ ಗಂಡನ ಜೊತೆ ಅಮೆರಿಕಕ್ಕೆ ಬಂದು ಅಯೋವಾದ ಎಸ್ಟರ್‌ವಿಲ್ ಹತ್ತಿರ ನೆಲೆ ನಿಂತಳು. ವರ್ಷಗಟ್ಟಲೆ ತವರಿಗೆ ಪತ್ರ ಬರೆದಳು, ಅವು ಉಳಿದುಕೊಂಡಿವೆ. ಎಲ್ಲ ಚೆನ್ನಾಗಿದೆ ಅಂತ ಸುಮ್ನೆ ಬರೆದವಳಲ್ಲ ಅವಳು. ಹಾವಿನ ಕಾಟ, ಜೀವವೇ ಹೋಗುವಂಥ ಗುಡುಗು ಸಿಡಿಲು, ಬೇಸಿಗೆಯಲ್ಲಿ ಬೆಣ್ಣೆ ಕೆಡುವುದು, ಎಲ್ಲ ಬರೆದಳು. ಅಮೆರಿಕದಲ್ಲಿ ಹೆಂಗಸರಿಗೆ ಬೇಕಾದಷ್ಟು ಬಿಡುವು ಇರುತ್ತದಂತೆ, ಹಾಗೆ ಹೇಳುವ ಒಬ್ಬ ಹೆಂಗಸೂ ನನಗೆ ಇನ್ನೂ ಸಿಕ್ಕಿಲ್ಲ ಅಂತಲೂ ಬರೆದಳು. ನೀನೂ ನನಗೆ ಹಾಗೇ ಬರೆ. ‘ಆರಾಮಾಗಿದ್ದೀನಿ ಅಮ್ಮ’ ಅನ್ನುವ ಒಂದೇ ಸಾಲು ನನಗೆ ಸಾಲದು ಕಣೇ.

ನಾರ್ವೆಯಲ್ಲಿ ಉಳುವುದಕ್ಕೆ ಬರುವ ನೆಲ ನೂರಕ್ಕೆ ಮೂರು ಪಾಲು ಅಷ್ಟೆ. ಉಳಿದದ್ದು ಬೆಟ್ಟ, ಕಾಡು, ಕಲ್ಲು. ಇದ್ದ ಜಮೀನು ಹಿರಿಯ ಮಗನಿಗೆ ಹೋಗುತ್ತಿತ್ತು. ಉಳಿದ ಮಕ್ಕಳಲ್ಲಿ ಎಷ್ಟೋ ಮಂದಿಗೆ ಇನ್ನೊಬ್ಬರ ಹೊಲದಲ್ಲಿ ದುಡಿಯುವುದೇ ಗತಿ. 1825ರಲ್ಲಿ ಸ್ಟಾವಂಗರ್‌ನಿಂದ 52 ಜನ ಒಂದು ಪುಟ್ಟ ಹಡಗಿನಲ್ಲಿ ನ್ಯೂಯಾರ್ಕಿಗೆ ಹೊರಟರು, ದಾರಿಯಲ್ಲೇ ಒಂದು ಹೆಣ್ಣುಮಗು ಹುಟ್ಟಿತು. ಮುಂದಿನ ನೂರು ವರ್ಷದಲ್ಲಿ ಅವರ ಹಿಂದೆ ಬಂದವರು ಎಂಟು ಲಕ್ಷಕ್ಕೂ ಜಾಸ್ತಿ.

ಇಷ್ಟೊಂದು ಜನರನ್ನು ಪ್ರೇರಿಗೆ, ಅಂದರೆ ಮರವಿಲ್ಲದ ಆ ಹುಲ್ಲುಬಯಲಿಗೆ, ಎಳೆದದ್ದರಲ್ಲಿ ಹೋಮ್‌ಸ್ಟೆಡ್ ಕಾಯ್ದೆಯ ಪಾಲು ದೊಡ್ಡದು. 1862ರ ಮೇ 20ರಂದು ಲಿಂಕನ್ ಅದಕ್ಕೆ ಸಹಿ ಹಾಕಿದರು. ಕೆಲವೇ ಡಾಲರ್ ಶುಲ್ಕ ಕಟ್ಟಿ 160 ಎಕರೆ ಗುರುತು ಮಾಡಿಕೊಳ್ಳಬೇಕು, ಅಲ್ಲೇ ಮನೆ ಕಟ್ಟಿ, ಉತ್ತು ಬಿತ್ತಿ ಐದು ವರ್ಷ ಬಾಳಬೇಕು, ಆಮೇಲೆ ಹಕ್ಕುಪತ್ರ ಕೈಗೆ. ಅಮೆರಿಕದ ಪ್ರಜೆಯಾಗುತ್ತೇನೆ ಅಂತ ಬರೆದುಕೊಟ್ಟರೆ ಹೊರಗಿನಿಂದ ಬಂದವರಿಗೂ ಸಿಗುತ್ತಿತ್ತು. ನಾನು ಎರಡು ಸಲ ಓದಿದ್ದು ಮುಂದಿನ ಮಾತನ್ನು. 21 ತುಂಬಿದ ಮದುವೆಯಾಗದ ಹುಡುಗಿ, ಗಂಡ ಸತ್ತವಳು, ಇವರೂ ತಮ್ಮ ಹೆಸರಿಗೇ ಜಮೀನು ಕೇಳಬಹುದಿತ್ತು! ಗಂಡನಿರುವ ಹೆಂಗಸಿಗೆ ಮಾತ್ರ ಸಾಮಾನ್ಯವಾಗಿ ಆ ಹಕ್ಕಿರಲಿಲ್ಲ. ನೀನಿರುವ ಡಕೋಟಾ ಸೀಮೆಯಲ್ಲಿ ಎಷ್ಟೋ ನಾರ್ವೆ ಹುಡುಗಿಯರು ಹೀಗೆ ಒಬ್ಬೊಬ್ಬರೇ ಜಮೀನು ಮಾಡಿದರು. ಅಪ್ಪನ ಮನೆಯಲ್ಲಿ ಅಣ್ಣನಿಗೆ ಹೋಗುವ ಹೊಲ ನೋಡಿಕೊಂಡೇ ಬೆಳೆದವಳ ಕೈಗೆ ಅವಳದೇ ಹೆಸರಿನ ಹಕ್ಕುಪತ್ರ ಬಂದಾಗ ಏನನ್ನಿಸಿರಬೇಡ, ನೀನೇ ಹೇಳು.

ಆದರೆ ಆ ಐದು ವರ್ಷ ಇದೆಯಲ್ಲ, ಅದು ಸಾಮಾನ್ಯದ್ದಲ್ಲ. ಮರವೇ ಇಲ್ಲದ ಕಡೆ ಮನೆ ಹೇಗೆ ಕಟ್ಟುವುದು? ಎತ್ತು ಕಟ್ಟಿ ನೇಗಿಲಿನಿಂದ ನೆಲವನ್ನು ಒಂದಡಿ ಅಗಲದ ಪಟ್ಟಿಯಾಗಿ ಸೀಳುತ್ತಿದ್ದರು. ಹುಲ್ಲಿನ ಬೇರು ಹೆಣೆದುಕೊಂಡು ಮಣ್ಣು ಉದುರದೆ ಗಟ್ಟಿಯಾಗಿ ನಿಲ್ಲುತ್ತಿತ್ತು. ಅದನ್ನು ಸಲಿಕೆಯಿಂದ ಎರಡು ಮೂರು ಅಡಿ ಉದ್ದಕ್ಕೆ ತುಂಡು ಮಾಡಿ, ಹುಲ್ಲಿನ ಮಗ್ಗುಲು ಕೆಳಗೆ ಬರುವ ಹಾಗೆ ಒಂದರ ಮೇಲೊಂದು ಪೇರಿಸಿ ಗೋಡೆ ಏಳಿಸುತ್ತಿದ್ದರು. ಗೋಡೆಯೇ ಎರಡು ಮೂರು ಅಡಿ ದಪ್ಪ. ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪು, ಅದೇನೋ ನಿಜ. ಮಳೆ ಬಂದರೆ ಮಾತ್ರ ಮಾಡಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು, ಹೊರಗೆ ಮಳೆ ನಿಂತ ಮೇಲೂ ಒಳಗೆ ನಿಲ್ಲುತ್ತಿರಲಿಲ್ಲ. ಇಲಿ, ಹಾವು, ಹುಳ ಮೇಲಿಂದ ಬೀಳಬಾರದು ಅಂತ ಒಳಗಡೆ ಬಟ್ಟೆ ಕಟ್ಟುತ್ತಿದ್ದರು. ಒಲೆಗೆ ಸೌದೆ ಎಲ್ಲಿಯದು? ಹುಲ್ಲನ್ನು ಹೊಸೆದು ಕಟ್ಟು ಕಟ್ಟಿ ಉರಿಸುತ್ತಿದ್ದರು, ಒಣಗಿದ ಸಗಣಿ ಆಯ್ದು ತರುತ್ತಿದ್ದರು. ಹುಲ್ಲು ಬೇಗ ಉರಿದುಹೋಗುತ್ತದೆ, ಒಲೆ ಮುಂದಿನಿಂದ ಏಳುವ ಹಾಗಿಲ್ಲ. ಇದೆಲ್ಲ ಯಾರ ಪಾಲಿಗೆ ಬಂದಿರುತ್ತದೆ ಅಂತ ಬೇರೆ ಹೇಳಬೇಕಾ?

1873ರಿಂದ 1877ರವರೆಗೆ ಮಿಡತೆ. ಮೋಡ ಕವಿದ ಹಾಗೆ ಬಂದು ಗೋಧಿ ತಿಂದು, ಒಣಹಾಕಿದ ಬಟ್ಟೆಯನ್ನೂ ಕಡಿದು ಹಾಕುತ್ತಿದ್ದವಂತೆ. 1888ರ ಜನವರಿ 12ರ ಹಿಮಗಾಳಿ ಇನ್ನೂ ಘೋರ. ಬೆಳಿಗ್ಗೆ ಬೆಚ್ಚಗಿತ್ತು ಅಂತ ಎಷ್ಟೋ ಮಕ್ಕಳು ದಪ್ಪ ಕೋಟಿಲ್ಲದೆ ಶಾಲೆಗೆ ಹೋಗಿದ್ದರು. ಅವತ್ತು ಸತ್ತವರು ಇನ್ನೂರಕ್ಕೂ ಹೆಚ್ಚು, ಅದರಲ್ಲಿ ಮಕ್ಕಳೇ ಎಷ್ಟೋ. ಬಿಸಿಲು ಕಂಡಿತು ಅಂತ ನೀನು ಜಾಕೆಟ್ ಬಿಟ್ಟು ಹೋಗಬೇಡ.

ಇನ್ನೊಂದು ಮಾತು, ಇದನ್ನು ಬಿಟ್ಟರೆ ನಾನು ಹೇಳಿದ್ದೆಲ್ಲ ಅರ್ಧ ಸತ್ಯವಾಗುತ್ತದೆ. ಆ ನೆಲ ಖಾಲಿ ಇರಲಿಲ್ಲ. ಡಕೋಟಾ ಅನ್ನುವ ಮೂಲನಿವಾಸಿ ಜನರದು ಅದು. ಕಾಯ್ದೆ ಬಂದ 1862ರಲ್ಲೇ ಪಕ್ಕದ ಮಿನ್ನೆಸೋಟಾದಲ್ಲಿ ಅವರಿಗೂ ಅಮೆರಿಕದವರಿಗೂ ಯುದ್ಧವಾಯಿತು, ಡಿಸೆಂಬರಿನಲ್ಲಿ ಮ್ಯಾಂಕೇಟೋ ಊರಿನಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೇ ಗಲ್ಲಿಗೇರಿಸಿದರು, ಉಳಿದವರನ್ನು ಊರು ಬಿಡಿಸಿದರು. ನಾರ್ತ್ ಡಕೋಟಾದಲ್ಲಿ ಅವರಿಗೆ ಅಂತ ಬಿಟ್ಟಿದ್ದ ಸ್ಪಿರಿಟ್ ಲೇಕ್ ನೆಲವನ್ನೂ 1904ರಲ್ಲಿ ಹೊರಗಿನವರಿಗೆ ತೆರೆದರು, ಅಲ್ಲಿಗೂ ನಾರ್ವೆಯವರು ಹೋದರು. ತಮ್ಮ ದೇಶದಲ್ಲಿ ತುಂಡು ನೆಲ ಸಿಗದವರು ಇನ್ನೊಬ್ಬರಿಂದ ಕಿತ್ತುಕೊಂಡ ನೆಲದಲ್ಲಿ ಬದುಕು ಕಟ್ಟಿದರು. ಗ್ರೋ ಮೇಲೆ ನನಗೆ ಪ್ರೀತಿ ಬಂದಿದೆ, ಆದರೂ ಈ ಅನ್ಯಾಯವನ್ನು ಚಿಕ್ಕದು ಮಾಡಲಾರೆ.

ಗ್ರೋ 1878ರಲ್ಲಿ ಹತ್ತನೇ ಹೆರಿಗೆಯಲ್ಲಿ ತೀರಿಕೊಂಡಳು. ನಲವತ್ತೂ ಆಗಿರಲಿಲ್ಲ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಿಮ್ಮೂರಿನ ಪಕ್ಕದಲ್ಲೇ, ರೆಡ್ ನದಿ ದಾಟಿದರೆ ಮೂರ್‌ಹೆಡ್ ಇದೆಯಲ್ಲ, ಅಲ್ಲಿ ಯೆಮ್‌ಕೋಮ್ಸ್ಟ್ ಅನ್ನುವ ಹಡಗು ಇಟ್ಟಿದ್ದಾರೆ. ನಾರ್ವೆ ಕಡೆಯ ಹಳೆಯ ಕಾಲದ ಸಮುದ್ರಯಾನಿಗಳಾದ ವೈಕಿಂಗರ ಹಡಗಿನ ಮಾದರಿಯಲ್ಲಿ ಮಿನ್ನೆಸೋಟಾದಲ್ಲೇ ಕಟ್ಟಿ, 1982ರಲ್ಲಿ ನಾರ್ವೆಯವರೆಗೂ ನಡೆಸಿಕೊಂಡು ಹೋಗಿದ್ದರು. ಪಕ್ಕದಲ್ಲೇ ನಾರ್ವೆ ಮಾದರಿಯ ಮರದ ಚರ್ಚೂ ಇದೆ. ರಜೆಯ ದಿನ ನೋಡಿಕೊಂಡು ಬಾ, ಫೋಟೋ ಕಳಿಸು. ಆಫೀಸಿನ ‘ಸನ್’ಗಳಲ್ಲಿ ಯಾರಾದರೂ ಅಜ್ಜಿಯ ಕಥೆ ಹೇಳಿದರೆ ಕೇಳಿ ನನಗೆ ಬರೆ. ಅಜ್ಜಿ ತನ್ನ ಹೆಸರಿಗೇ ಜಮೀನು ಮಾಡಿದ್ದಳಾ ಅಂತ ಮರೆಯದೆ ಕೇಳು.

ಪ್ರೀತಿಯಿಂದ,
ಅಮ್ಮ