ಯುದ್ಧದ ಚಿತ್ರ: ಸತ್ತವರ ಮುಖಕ್ಕೆ ಮರೆ ಇರಲಿ

ಮಾನ್ಯರೇ,

ಯುದ್ಧದ ಭೀಕರ ಚಿತ್ರಗಳನ್ನು ಪತ್ರಿಕೆಗಳು ಅಚ್ಚು ಹಾಕಲೇಬಾರದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 1972ರಲ್ಲಿ ವಿಯೆಟ್ನಾಂನಲ್ಲಿ ನಾಪಾಮ್ ಬಾಂಬಿನ ಬೆಂಕಿಗೆ ಮೈ ಸುಟ್ಟುಕೊಂಡು ಓಡಿಬರುತ್ತಿದ್ದ ಬಾಲಕಿಯ ಚಿತ್ರವನ್ನು ಬಚ್ಚಿಟ್ಟಿದ್ದರೆ ಆ ಯುದ್ಧದ ಕ್ರೌರ್ಯ ಜನರಿಗೆ ಅಷ್ಟು ನೇರವಾಗಿ ತಟ್ಟುತ್ತಿರಲಿಲ್ಲ. ಆದರೆ ಸತ್ತವರ ಮುಖವನ್ನು ಗುರುತು ಸಿಗುವಂತೆ ಮುದ್ರಿಸುವುದು ಬೇರೆಯೇ ಮಾತು. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ನಮ್ಮ ಬೆಳಗಾವಿಯ ಸುತ್ತಮುತ್ತ ಮಗನನ್ನು ಸೇನೆಗೆ ಕಳುಹಿಸಿದ ಮನೆಗಳು ಬಹಳ. ಅಧಿಕೃತ ಸುದ್ದಿ ತಲುಪುವ ಮೊದಲೇ ತಾಯಿಯೊಬ್ಬಳು ಮಗನ ಹೆಣವನ್ನು ಪತ್ರಿಕೆಯಲ್ಲೋ ಮೊಬೈಲಿನಲ್ಲೋ ಕಾಣುವಂತಾದರೆ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಗಾಜಾದ, ಉಕ್ರೇನಿನ ತಾಯಂದಿರಿಗೂ ಇದೇ ಮರ್ಯಾದೆ ಸಲ್ಲಬೇಕು. ಅನಿವಾರ್ಯವಾದ ಚಿತ್ರ ಒಳಪುಟದಲ್ಲಿರಲಿ. ಅದನ್ನು ಏಕೆ ಪ್ರಕಟಿಸಿದೆವೆಂದು ಸಂಪಾದಕರು ಪಕ್ಕದಲ್ಲೇ ಎರಡು ಸಾಲು ಬರೆಯಲಿ.

– ನಿವೃತ್ತ ಶಿಕ್ಷಕಿ, ಖಾನಾಪುರ, ಬೆಳಗಾವಿ ಜಿಲ್ಲೆ